ಕದ್ದ ಗಂಟಲು

ಕಾಕಾರ ಕತ್ತು ಬಲಕ್ಕೆ ತಿರುಗುತ್ತಿರಲಿಲ್ಲ. ಬಲಗಡೆಯಿಂದ ಯಾರಾದರೂ ಕರೆದರೆ ಅವರು ಸೊಂಟದಿಂದ ಮೇಲಿನ ಇಡೀ ದೇಹವನ್ನು ಕಪಾಟಿನ ಬಾಗಿಲಿನಂತೆ ನಿಧಾನಕ್ಕೆ ತಿರುಗಿಸಿ, ಎರಡು ಸಲ ಕೆಮ್ಮಿ, ಆಮೇಲೆ ಮಾತಾಡುತ್ತಿದ್ದರು. ಮೊದಲನೆಯ ಕೆಮ್ಮು ತಮ್ಮ ಗಂಟಲನ್ನು ಸರಿಮಾಡಿಕೊಳ್ಳಲು, ಎರಡನೆಯದು ಎದುರಿನವನನ್ನು ಸರಿಮಾಡಲು. ಅವರು ಬಾಡಿಗೆ ವ್ಯಾನು ನಿಲ್ಲಿಸುತ್ತಿದ್ದ ವಡೋದರಾ ಸ್ಟೇಷನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಆ ತಿರುಗುವಿಕೆಯನ್ನೂ ಆ ಜೋಡಿ ಕೆಮ್ಮನ್ನೂ ನನ್ನಷ್ಟು ಚೆನ್ನಾಗಿ ನಕಲು ಮಾಡುವವರು ಇನ್ನೊಬ್ಬರಿರಲಿಲ್ಲ. ಕಾಕಾರಿಗಿಂತ ನಾನೇ ಒಳ್ಳೆಯ ಕಾಕಾ ಎಂದು ಜನ ಹೇಳುತ್ತಿದ್ದರು. ಜನ ಅಂದರೆ ಮುಖ್ಯವಾಗಿ ನಾನು. ಆ ವಿದ್ಯೆಯ ಅಮಲಿನಲ್ಲಿ ಒಮ್ಮೆ ಅವರನ್ನು ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದೆ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟರೆ ಅಷ್ಟರಲ್ಲಿ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಬಿಡುವ ಅಪಾಯವುಂಟು.

ನಮ್ಮದು ಉಡುಪಿ ಕಡೆಯ ಕುಟುಂಬ. ಅಪ್ಪ ವಡೋದರಾದ ಸಯಾಜಿಗಂಜಿನಲ್ಲಿ ಹೋಟೆಲು ನಡೆಸುತ್ತಾರೆ. ನಾನು ಹುಯ್ದ ದೋಸೆ ಯಾವತ್ತೂ ದುಂಡಗೆ ಬರಲಿಲ್ಲ. ಒಮ್ಮೆಯಂತೂ ಗುಜರಾತಿನ ನಕಾಶೆಯ ಹಾಗೆ ಬಂತು, ಕಚ್ಛ್ ಸಮೇತ. "ದುಂಡಗಿನದ್ದು ಎಂತಾದ್ರೂ ನಿನ್ನ ಕೈಗೆ ಹತ್ತುವುದಾದ್ರೆ ಅದು ಸ್ಟೇರಿಂಗೇ" ಎಂದು ಅಪ್ಪ ಕೈಮುಗಿದ ಮೇಲೆ ಆ್ಯಪ್ ಟ್ಯಾಕ್ಸಿ ಓಡಿಸತೊಡಗಿದೆ. ಸ್ಟ್ಯಾಂಡಿನವರು ನನಗಿಟ್ಟ ಹೆಸರು ಇಡ್ಲಿ. ಕಾಕಾ ಮಾತ್ರ 'ದೀಕರಾ' ಎನ್ನುತ್ತಿದ್ದರು, ಮಗನೇ ಅಂತ. ಅವರೆಲ್ಲ ಆಡಿದ್ದು ಗುಜರಾತಿ. ನಾನು ನಮ್ಮ ಮನೆಯ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಗುಜರಾತಿನ ಚರೋತರ ಸೀಮೆಯ ಹಳ್ಳಿಯ ಮುದುಕರು ಉಡುಪಿಯವರ ಹಾಗೆ ಮಾತಾಡಿದರೆ ತಪ್ಪು ನನ್ನದೇ.

ಸ್ಟ್ಯಾಂಡಿನವರಿಗೆ ಸರದಿ ಎಂದರೆ ದೇವರು. ಬೆಳಿಗ್ಗೆ ಗಾಡಿ ತಂದು ಸಾಲಿಗೆ ಹಚ್ಚಿದವನು ಮೂತ್ರಕ್ಕೆ ಹೋಗಬೇಕಿದ್ದರೂ ಹಿಂದಿನವನಿಗೆ ಹೇಳಿಯೇ ಹೋಗಬೇಕು. ನಾವು ಆ್ಯಪಿನವರೋ, ಎಲ್ಲಿಂದಲೋ ಹಾರಿಬಂದು, ಬಿಸಿಲಲ್ಲಿ ಬೇಯುತ್ತಿರುವ ಆ ಸಾಲಿನ ಕಣ್ಣೆದುರೇ ಗಿರಾಕಿಯನ್ನು ಕೂರಿಸಿಕೊಂಡು ಹಾರಿಹೋಗುವ ನೊಣಗಳು. ಹಾಗಾಗಿ ನಾನು ಮೊದಲ ಸಲ ಸ್ಟೇಷನ್ನಿಗೆ ಬಂದು, ಗಿರಾಕಿಯನ್ನು ಹುಡುಕಲು ಕೆಳಗಿಳಿದು ಮರಳುವಷ್ಟರಲ್ಲಿ ನನ್ನ ಹಿಂದಿನ ಚಕ್ರದಲ್ಲಿ ಗಾಳಿಯಿರಲಿಲ್ಲ. ಸ್ವಲ್ಪ ದೂರದಲ್ಲಿ ಒಬ್ಬರು ದಪ್ಪ ಮೀಸೆಯವರು ಆಕಾಶ ನೋಡುತ್ತ ನಿಂತಿದ್ದರು. ಮೋಡವಿಲ್ಲದ ದಿನ ಅಷ್ಟು ಹೊತ್ತು ಆಕಾಶ ನೋಡುವವನು ಒಂದೋ ಕವಿ, ಇಲ್ಲವೇ ಗಾಳಿ ಬಿಟ್ಟವನು. ಅವರು ಕವಿಯಲ್ಲ ಎಂದು ಮೀಸೆಯೇ ಹೇಳುತ್ತಿತ್ತು.

ಕಾಕಾ ತಮ್ಮ ಹಳೆಯ ಇಕೋ ವ್ಯಾನಿನಿಂದ ಕಾಲುಪಂಪು ತಂದು ನನ್ನ ಚಕ್ರಕ್ಕೆ ಸಿಕ್ಕಿಸಿದರು. ನಾನು ಕೈಹಾಕಲು ಹೋದರೆ ಬಿಡಲಿಲ್ಲ.

"ತೆಗ್ದವ ನಮ್ಮವ. ತುಂಬಿಸುವುದು ನಮ್ಮ ಕೆಲ್ಸ. ನೀನು ಹೋಗಿ ನಿನ್ನ ಗಿರಾಕಿಯನ್ನು ಹುಡುಕು."

ಆ ಗಿರಾಕಿಯನ್ನು ಹುಡುಕಿದ್ದೂ ಅವರೇ. ಆ್ಯಪಿನ ನಕಾಶೆಯ ಗುರುತು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಇರುವುದು ನಮ್ಮಲ್ಲಿ ನಿತ್ಯದ ಪಾಡು. ಕಾಕಾರಿಗೆ ಫೋನ್ ಹಿಡಿದುಕೊಂಡು ಸುತ್ತಲೂ ನೋಡುತ್ತಿರುವವರನ್ನು ಕಂಡರೆ ಸಾಕು, ಹೋಗಿ ಚೀಲ ಎತ್ತಿಕೊಂಡು, ಎದುರಾಳಿಯ ಗಾಡಿಯವರೆಗೆ ನಡೆಸಿಕೊಂಡು ಹೋಗಿ ಬಿಟ್ಟುಬರುತ್ತಿದ್ದರು. ಮೀಸೆಯವರಿಗೆ ಇದು ಬೆಂಕಿ. "ಗಿರಾಕಿಯನ್ನು ಕೈಯಾರೆ ವೈರಿಗೆ ಒಪ್ಪಿಸ್ತೀರಲ್ಲ ಕಾಕಾ, ನಾಚಿಕೆ ಆಗುದಿಲ್ವಾ?"

ಕಾಕಾ ಕಪಾಟಿನ ಬಾಗಿಲು ತಿರುಗಿಸಿದರು. ಕೆಮ್ಮು, ಕೆಮ್ಮು. "ಆ ಹೆಂಗಸು ಬಿಸಿಲಲ್ಲಿ ನಿಂತಿದ್ದಾಳೆ. ಬಿಸಿಲು ಯಾವ ಆ್ಯಪಿಂದು ಮಾರಾಯ?"

ಆಮೇಲೆ ಒಂದು ದಿನ, ಅಹಮದಾಬಾದಿಗೆ ಹೊರಟ ಆ್ಯಪಿನವನೊಬ್ಬನ ಗಾಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಕೆಟ್ಟು ನಿಂತಿತು. ಸ್ಟ್ಯಾಂಡಿನ ಗಾಡಿಗಳು ಒಂದರ ಹಿಂದೊಂದು ಅವನ ಪಕ್ಕದಿಂದಲೇ ಹಾದುಹೋದವು, ಒಂದೂ ನಿಲ್ಲಲಿಲ್ಲ. ಅದು ಕಾಕಾರ ಕಿವಿಗೆ ಬಿದ್ದ ಸಂಜೆಯೇ ಕಿಟ್ಲಿಯ, ಎಂದರೆ ಚಹಾದ ಗೂಡಂಗಡಿಯ, ಮುಂದೆ ಎರಡೂ ಪಂಗಡದವರನ್ನು ಕೂಡಿಸಿ, ಎಲ್ಲರ ಫೋನಿನಲ್ಲಿ ಒಂದು ಗುಂಪು ಮಾಡಿಸಿದರು. ವಡೋದರಾದ ನಾವು, ಅಹಮದಾಬಾದ್ ಮತ್ತು ಸೂರತ್ತಿನ ಒಂದಷ್ಟು ಗೆಳೆಯರು. ಅದರಲ್ಲಿ ಬರೆಯುವಂತಿಲ್ಲ, ಹೂವಿನ ಚಿತ್ರ ಹಾಕಿ ಶುಭೋದಯ ಎನ್ನುವಂತಿಲ್ಲ. ಕಷ್ಟವಿದ್ದವನು ದನಿಯಲ್ಲಿ ಹೇಳಬೇಕು. ಹತ್ತಿರವಿದ್ದವನು ಹೊರಡಬೇಕು. ಯಾಕೆ ದನಿಯೇ ಎಂದು ಕೇಳಿದ್ದಕ್ಕೆ ಕಾಕಾ ಹೇಳಿದ್ದು: "ಬೆರಳು ಸುಳ್ಳು ಹೇಳ್ತದೆ. ಗಂಟಲಿಗೆ ಅಷ್ಟು ಧೈರ್ಯ ಇಲ್ಲ."

ಪಾಪ, ನನ್ನ ಗಂಟಲನ್ನು ಅವರು ಇನ್ನೂ ಪೂರ್ತಿ ನೋಡಿರಲಿಲ್ಲ.

ಗುಂಪು ಕೆಲಸ ಮಾಡಿತು, ಅದೇ ಆಶ್ಚರ್ಯ. ಸೂರತ್ತಿನಲ್ಲಿ ನನ್ನ ಗಾಡಿಯ ಬ್ಯಾಟರಿ ಸತ್ತಾಗ, ನಾನು ಸಿನಿಮಾದವನೊಬ್ಬನ ದನಿಯಲ್ಲಿ ಕೂಗಿದ್ದಕ್ಕೂ ಮುಖವನ್ನೇ ನೋಡಿರದ ಒಬ್ಬ ಆಟೋದವನು ತಂತಿ ಹಿಡಿದು ಬಂದು, ಗಾಡಿ ಎಬ್ಬಿಸಿ, ತಿನ್ನಲು ಖಮಣವನ್ನೂ ಕೊಡಿಸಿ ಕಳಿಸಿದ. ಕಾಕಾರ ಫೋನು ಮಾತ್ರ ಯಾವಾಗಲೂ ಚಾರ್ಜಿಲ್ಲದೆ ಸತ್ತಿರುತ್ತಿತ್ತು. ಗುಂಪಿಗೆ ಏನಾದರೂ ಹೇಳಬೇಕಾದರೆ ಪಕ್ಕದಲ್ಲಿದ್ದವನ ಫೋನು ಕಸಿದುಕೊಂಡು ಹೇಳುತ್ತಿದ್ದರು. ಹಾಗಾಗಿ ಯಾರ ನಂಬರಿನಿಂದ ಬೇಕಾದರೂ ಕಾಕಾರ ಕೆಮ್ಮು ಬರಬಹುದು ಎನ್ನುವುದು ಎಲ್ಲರಿಗೂ ರೂಢಿ. ನನ್ನಂಥವನ ಕೈಯಲ್ಲಿ ಇಂಥ ರೂಢಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಬಾಡಿಗೆಯೇ ಇಲ್ಲದ ಒಂದು ಮಧ್ಯಾಹ್ನ ಗೋಲ್ಡನ್ ಚೋಕಡಿ ಎಂಬ ಹೆದ್ದಾರಿಯ ನಾಲ್ಕುರಸ್ತೆಯ ಬಳಿ ಬೇಸರದಿಂದ ಕೂತಿದ್ದೆ. ಫೋನು ಎತ್ತಿ ಎರಡು ಸಲ ಕೆಮ್ಮಿದೆ. "ಇಡ್ಲಿಯ ಫೋನಿಂದ ಮಾತಾಡ್ತಿದ್ದೇನೆ. ಗೋಲ್ಡನ್ ಚೋಕಡಿಯಲ್ಲಿ ಗಾಡಿ ನಿಂತಿದೆ. ಎದೆ ಒಂದು ರೀತಿ ಆಗ್ತಾ ಉಂಟು..." ಆ 'ಎದೆ'ಯನ್ನು ಸೇರಿಸಿದ್ದು ಕಲಾವಿದನ ಹೆಮ್ಮೆಯಿಂದ. ಸ್ವಲ್ಪ ಹೊತ್ತಿನಲ್ಲಿ ಗಾಡಿಗಳು ಬರತೊಡಗಿದವು. ಒಬ್ಬ ಹಗ್ಗ ತಂದಿದ್ದ, ಒಬ್ಬ ನೀರು, ಒಬ್ಬ ನಾಲಿಗೆಯಡಿ ಇಡುವ ಮಾತ್ರೆ. ಮೀಸೆಯವರು ತಮ್ಮ ಸರದಿ ಬಂದು ನಿಂತಿದ್ದನ್ನು ಬಿಟ್ಟು ಬಂದಿದ್ದರು. ಅಹಮದಾಬಾದ್ ವಿಮಾನ ನಿಲ್ದಾಣದ ಗಿರಾಕಿ ಹಿಂದಿನವನ ಪಾಲಾಗಿತ್ತು. ನಾನು ಎಲ್ಲರ ಮುಖಗಳನ್ನು ವಿಡಿಯೊ ಮಾಡುತ್ತ ಹೊಟ್ಟೆ ಹಿಡಿದು ನಗುತ್ತಿದ್ದೆ. ಕೊನೆಗೆ ಕುಂಟುತ್ತ ಬಂದದ್ದು ಕಾಕಾರದೇ ಇಕೋ. ಇಳಿದವರೇ ಪಂಪು ಕೈಯಲ್ಲಿ ಹಿಡಿದು ಕೇಳಿದರು: "ಯಾರಿಗೆ ಎಂತಾಯ್ತು?"

"ನಿಮಗೇ ಕಾಕಾ!" ಎಂದು ಯಾರೋ ಕೂಗಿದರು.

ನಗು ನಿಂತಿತು. ಮೀಸೆಯವರು ನನ್ನ ಅಂಗಿಯ ಕೊರಳಪಟ್ಟಿ ಹಿಡಿದಾಗಿತ್ತು. ಕಾಕಾ ಅವರ ಕೈಯನ್ನು ಬಿಡಿಸಿ, ನನ್ನ ಫೋನು ಇಸಿದುಕೊಂಡು, ಆ ಕೆಮ್ಮನ್ನು ಮತ್ತೆ ಹಾಕಿಸಿ ಕೇಳಿದರು. "ಎರಡನೇ ಕೆಮ್ಮು ಸ್ವಲ್ಪ ಉದ್ದ ಆಯ್ತು" ಎಂದರು. ಅಷ್ಟೇ. ಆದರೆ ಅಂದಿನಿಂದ ಗುಂಪಿನಲ್ಲಿ ನನ್ನ ನಂಬರಿನಿಂದ ಬಂದದ್ದನ್ನು ಯಾರೂ ನಂಬದಾದರು.

ಮಳೆಗಾಲದಲ್ಲಿ ವಿಶ್ವಾಮಿತ್ರಿ ನದಿ ಊರೊಳಗೆ ಬಂತು. ಮಳೆ ನಿಂತಿತ್ತು, ಬಿಸಿಲೂ ಬಿದ್ದಿತ್ತು, ನೀರು ಮಾತ್ರ ಏರುತ್ತಲೇ ಇತ್ತು. ನದಿ ಒಂಟಿಯಾಗಿ ಬರುವುದಿಲ್ಲ. ಮೊಸಳೆಗಳನ್ನೂ ಕರೆದುಕೊಂಡು ಬರುತ್ತದೆ. ಯಾರದೋ ಅಂಗಳದಲ್ಲಿ, ಯಾವುದೋ ಕಾಲೇಜಿನ ಗೇಟಿನಲ್ಲಿ ಕಂಡಿತಂತೆ ಎಂಬ ಮಾತುಗಳ ನಡುವೆ ನಾನು ಅಪ್ಪನ ಹೋಟೆಲಿನ ಗಲ್ಲೆಯ ಪಕ್ಕ ಕೂತು, ಟಿವಿಯವರ ದನಿಯಲ್ಲಿ ಗಿರಾಕಿಗಳಿಗೆ ಪ್ರವಾಹದ ವರದಿ ಒಪ್ಪಿಸುತ್ತಿದ್ದೆ. ಆಗ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ದೀಕರಾ, ಸಮಾ ಏರಿಯಾದಲ್ಲಿದ್ದೇನೆ. ಕೆರೆಯ ಹಿಂದಿನ ಗಲ್ಲಿ. ಗಾಡಿ ನಿಂತಿತು. ಮಾಸಿ ಒಳಗಿದ್ದಾರೆ."

ನಾನೇ ಒಂದು ಕ್ಷಣ ನಂಬಲಿಲ್ಲ. ಕೆಮ್ಮು ಇರಲಿಲ್ಲ. ಯಾರೋ ಕಾಕಾರನ್ನು ನಕಲು ಮಾಡುತ್ತಿದ್ದಾರೆ, ಅದೂ ಕೆಟ್ಟದಾಗಿ, ಎಂದೇ ಅನ್ನಿಸಿತು. ಆಮೇಲೆ ಹಿನ್ನೆಲೆಯಲ್ಲಿ ನೀರಿನ ಸದ್ದು, ಒಬ್ಬ ಹೆಂಗಸು ರಾಮ ರಾಮ ಎನ್ನುವುದು ಕೇಳಿತು. ಮಾಸಿ ಎಂದರೆ ಕಾಕಾ ವಾರವಾರ ವ್ಯಾಯಾಮದ ಡಾಕ್ಟರಲ್ಲಿಗೆ ಕರೆದೊಯ್ಯುತ್ತಿದ್ದ ಮುದುಕಿ. ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು, ಹೆಜ್ಜೆ ಕಿತ್ತಿಡುವುದೇ ಕಷ್ಟ. ನೆಲಮಹಡಿಯ ಮನೆಗೆ ನೀರು ನುಗ್ಗುವ ಮೊದಲೇ ಆಕೆಯನ್ನು ಎತ್ತರದ ಜಾಗಕ್ಕೆ ಸಾಗಿಸಲು ಕಾಕಾ ಹೋಗಿದ್ದರು. ಗಲ್ಲಿ ದಾಟುವ ಮುಂಚೆಯೇ ಎಂಜಿನಿಗೆ ನೀರು ಹೋಗಿತ್ತು. ತಮ್ಮ ಫೋನು ಎಂದಿನಂತೆ ಸತ್ತಿತ್ತು. ಮಾಸಿಯ ಫೋನಿನಿಂದ ಮಾಡಿದ್ದರು. ಹೆಂಡತಿಯದು ಬಿಟ್ಟರೆ ಅವರಿಗೆ ಬಾಯಿಪಾಠವಿದ್ದದ್ದು ನನ್ನ ನಂಬರೊಂದೇ. ಶೋಕಿಗಾಗಿ ನಾನು ಆರಿಸಿಕೊಂಡ, ಒಂದೇ ಅಂಕಿ ಮತ್ತೆ ಮತ್ತೆ ಬರುವ ಫ್ಯಾನ್ಸಿ ನಂಬರು ಅದು.

"ನೀರು ಎಲ್ಲಿಗೆ ಬಂತು ಕಾಕಾ?"

"ಸೀಟಿಗೆ. ಗುಂಪಿಗೆ ಹೇಳು."

"ನೀವು ಮೊದಲು ಹೊರಗೆ ಬನ್ನಿ!"

"ಮಾಸಿ ಒಳಗಿದ್ದಾರೆ ಅಂತ ಹೇಳಿದೆನಲ್ಲ" ಎಂದರು, ನಾನು ಪೆದ್ದನೆಂಬಂತೆ. ಕರೆ ಕಡಿಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ.

ಅಗ್ನಿಶಾಮಕದವರಿಗೆ ಫೋನು ಮಾಡಿದೆ. ಪಾಪ, ಇಡೀ ಊರೇ ಅವರನ್ನು ಕರೆಯುತ್ತಿತ್ತು. ದೋಣಿಗಳೆಲ್ಲ ಹೊರಗಿವೆ, ವಿಳಾಸ ಬರೆದುಕೊಂಡಿದ್ದೇವೆ ಎಂದರು. ಗುಂಪು ತೆರೆದು ಮೈಕು ಒತ್ತಿದೆ. ಆಗ ಮಾಡಿದ್ದು ಶುದ್ಧ ಮೂರ್ಖತನ. ಕಾಕಾ ಹೇಳಿದ್ದನ್ನು ಹೇಳಲು ಹೊರಟೆನಲ್ಲ, ವರ್ಷಗಳ ಅಭ್ಯಾಸ, ನನ್ನ ಗಂಟಲು ತಾನಾಗಿಯೇ ಅವರ ದನಿಗೆ ಜಾರಿತು. ಕೆಮ್ಮನ್ನೂ ಹಾಕಿತು. ಎರಡು ಸಲ.

ಬಂದ ಉತ್ತರಗಳು ಇವು. "ವಾಹ್ ಇಡ್ಲಿ, ಊರು ಮುಳುಗುವಾಗ್ಲೂ ನಿನ್ನ ನಾಟಕ ಉಂಟಲ್ಲ!" "ಇವತ್ತು ಎದೆ ಸಮ ಉಂಟಾ ಕಾಕಾ?" ಕೊನೆಗೆ ಮೀಸೆಯವರ ದನಿ, ಹಲ್ಲು ಕಡಿಯುತ್ತ: "ಸಿಗು ನೀನು ಕೈಗೆ."

ಮತ್ತೆ ಮೈಕು ಒತ್ತಿದೆ. ಈ ಸಲ ಯಾರ ದನಿಯನ್ನೂ ಹಾಕಲಿಲ್ಲ. "ನಾಟಕ ಅಲ್ಲ. ದಮ್ಮಯ್ಯ, ನಾಟಕ ಅಲ್ಲ. ಸಮಾ ಕೆರೆಯ ಹಿಂದೆ. ಕಾಕಾ ನೀರಲ್ಲಿದ್ದಾರೆ. ನಾನು ಹೊರಟೆ." ಗುಜರಾತಿಯ ನಡುವೆ ದಮ್ಮಯ್ಯ ಎಂದದ್ದು ನನಗೆ ಗೊತ್ತಾದದ್ದು ಆಮೇಲೆ. ಅದಕ್ಕೆ ಬಂದದ್ದು ಒಂದೇ ಉತ್ತರ: "ಇದು ಯಾರ ಮಿಮಿಕ್ರಿ? ಈ ಸ್ವರ ಗುರ್ತ ಸಿಗ್ಲಿಲ್ಲ."

ನನ್ನ ಸ್ವಂತ ದನಿಯನ್ನು ಆ ಗುಂಪಿನಲ್ಲಿ ಒಬ್ಬನೂ ಕೇಳಿರಲಿಲ್ಲ. ಸತ್ಯ ಹೇಳಲು ನನ್ನಲ್ಲಿ ಉಳಿದಿದ್ದ ಒಂದೇ ಗಂಟಲು ಅದು, ಅದಕ್ಕೆ ಸಾಕ್ಷಿ ಹೇಳುವವರೇ ಇರಲಿಲ್ಲ. ಗಲ್ಲೆಯಲ್ಲಿದ್ದ ಅಪ್ಪ ಮಾತ್ರ ತಲೆಯೆತ್ತಿ ನೋಡಿದರು. "ಎಂತಾಯ್ತು ಮಗಾ? ನಿನ್ನದೇ ಸ್ವರದಲ್ಲಿ ಮಾತಾಡ್ತಿದ್ದೀಯಲ್ಲ!" ಹೇಳಲು ಹೊತ್ತಿರಲಿಲ್ಲ. ಗಾಡಿಯ ಕೀ ತೆಗೆದುಕೊಂಡು ಓಡಿದೆ.

ರಸ್ತೆ ಒಣಗಿರುವವರೆಗೆ ಗಾಡಿ, ಆಮೇಲೆ ಕಾಲು. ಗಲ್ಲಿಯ ಬಾಯಿಯಲ್ಲಿ ನೀರು ಮೊಣಕಾಲಿಗಿತ್ತು, ಅಲ್ಲಿಂದ ಇಳಿಜಾರು. ದೂರದಲ್ಲಿ ಇಕೋದ ಬಿಳಿ ಮಾಡು ಕಾಣುತ್ತಿತ್ತು. ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚಿಕೊಳ್ಳದಂತೆ ಒತ್ತಿ ಹಿಡಿದು ಕಾಕಾ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಮಾಸಿಯನ್ನು ಸೀಟಿನ ಒರಗಿನ ಮೇಲಕ್ಕೆ ಏರಿಸಿ ಕೂರಿಸಿದ್ದರು. ಆಕೆಯ ತಲೆ ಮಾಡಿಗೆ ತಾಗುತ್ತಿತ್ತು. ನಾನು ಕೂಗಿದೆ. ನಾನಿದ್ದದ್ದು ಅವರ ಬಲಕ್ಕೆ. ತಿರುಗಿದರೆ ಬಾಗಿಲು ಬಿಡಬೇಕು. ತಿರುಗಲಿಲ್ಲ, ಒಂದು ಕೈ ಮಾತ್ರ ಮೇಲೆತ್ತಿದರು.

ನನಗೆ ಈಜು ಬರುವುದಿಲ್ಲ. ಕರಾವಳಿಯವನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಸೊಂಟದ ನೀರಿಗೆ ಬರುವಾಗಲೇ ಒಂದು ಗೇಟಿನ ಕಂಬಿ ತಬ್ಬಿಕೊಂಡೆ. ಕಾಲ ಕೆಳಗೆ ಏನೋ ಮೆತ್ತಗೆ ಸರಿದರೆ ಸಾಕು, ಮೊಸಳೆಯೇ. ಮುಂದೆ ಹೋಗಲಾಗಲಿಲ್ಲ, ಹಿಂದೆ ಹೋಗಲೂ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬಾಗಿಲ ಬಳಿಯ ನೀರು ಕಾಕಾರ ಎದೆಯಿಂದ ಭುಜದ ಕಡೆಗೆ ಹೊರಟಿತ್ತು.

ಹಿಂದೆ ನೀರು ಬಡಿಯುವ ಸದ್ದಾಯಿತು. ಮೀಸೆಯವರು. ಕೈ ಎತ್ತಿಕೊಂಡೇ ಬರುತ್ತಿದ್ದರು. ನನ್ನ ಹತ್ತಿರ ಬಂದವರು ಇಕೋದ ಮಾಡನ್ನು ಕಂಡರು. ಎತ್ತಿದ ಕೈ ಹಾಗೇ ನಿಂತಿತು. ತಿರುಗಿ ಓಡಿದರು, ಗಾಡಿ ಎಳೆಯುವ ಹಗ್ಗ ತಂದು ಒಂದು ತುದಿಯನ್ನು ಗೇಟಿಗೆ ಬಿಗಿದರು, ಫೋನು ತೆಗೆದು ಗುಂಪಿಗೆ ಒಂದೇ ಮಾತು ಹೇಳಿದರು: "ಇಡ್ಲಿ ಹೇಳಿದ್ದು ನಿಜ. ಬನ್ನಿ." ಫೋನನ್ನು ನನ್ನ ಅಂಗಿಯ ಎದೆಜೇಬಿಗೆ ತುರುಕಿ, "ಇಲ್ಲೇ ಸಾಯ್ಬೇಡ, ಹಗ್ಗ ಸಡಿಲ ಬಿಡ್ತಾ ಹೋಗು" ಎಂದು ಇನ್ನೊಂದು ತುದಿ ಹಿಡಿದು ಆಳಕ್ಕೆ ಇಳಿದೇಬಿಟ್ಟರು.

ಗುಂಪಿನವರು ಬಂದರು. ಸ್ಟ್ಯಾಂಡಿನವರು, ಆ್ಯಪಿನವರು, ಹಿಂದಿನ ದಿನವಷ್ಟೇ ಪಾರ್ಕಿಂಗಿಗೆ ಜಗಳವಾಡಿಕೊಂಡಿದ್ದ ಇಬ್ಬರು ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು. ಗೋಡೆಯ ಉದ್ದಕ್ಕೂ ಸಾಲಾಗಿ ನಿಂತರು. ಯಾರದೋ ಜಗಲಿಯಿಂದ ತೇಲಿಬಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾಸಿಯನ್ನು ಕೂರಿಸಿ, ತಲೆಗಿಂತ ಮೇಲೆ ಎತ್ತಿ, ಕೈಯಿಂದ ಕೈಗೆ ದಾಟಿಸಿದರು. ಕಾಕಾ ಅಲ್ಲಿಂದಲೇ ಕೂಗುತ್ತಿದ್ದರು, "ಮೊಣಕಾಲು ಮಡಚ್ಬೇಡಿ, ಹೊಸ್ತು ಹಾಕಿದ್ದು!" ಕುರ್ಚಿ ನಡುದಾರಿಯಲ್ಲಿದ್ದಾಗ ನೀರಿನ ಮೇಲೆ ಕಪ್ಪಗೆ ಉದ್ದನೆಯದೊಂದು ಹಾದುಹೋಯಿತು. ಸಾಲು ಕಲ್ಲಾಯಿತು. ಕುರ್ಚಿ ಅಲುಗಲಿಲ್ಲ, ಯಾರೂ ಕೈ ಬಿಡಲಿಲ್ಲ. ಅದು ಮರದ ದಿಮ್ಮಿ ಎಂದು ಮೀಸೆಯವರು ಇವತ್ತಿಗೂ ವಾದಿಸುತ್ತಾರೆ. ಇರಬಹುದು. ಆದರೆ ನೀರಿನ ಸೆಳೆತಕ್ಕೆ ಎದುರಾಗಿ ಹೋಗುವ ದಿಮ್ಮಿಯನ್ನು ನಾನು ಅದೇ ಮೊದಲು ನೋಡಿದ್ದು.

ಕೊನೆಗೆ ಕಾಕಾರನ್ನು ಹಗ್ಗ ಕಟ್ಟಿ ಎಳೆದರು. ದಡಕ್ಕೆ ಬಂದಾಗ ತುಟಿ ನೀಲಿಯಾಗಿತ್ತು. ಬೆರಳುಗಳು ಬಾಗಿಲು ಹಿಡಿದ ಆಕಾರದಲ್ಲೇ ಸೆಟೆದಿದ್ದವು. ಮೀಸೆಯವರು ಒಂದೊಂದೇ ಬೆರಳನ್ನು ಉಜ್ಜಿ ಬಿಡಿಸಿದರು, ಬೈಯುತ್ತಲೇ. ಸುದ್ದಿ ತಿಳಿದ ಅಪ್ಪ ಗುಂಪಿನವನೊಬ್ಬನ ಕೈಯಲ್ಲಿ ಫ್ಲಾಸ್ಕಿನಲ್ಲಿ ಕಳಿಸಿದ ಕಾಫಿಯನ್ನು ಕಾಕಾ ಒಂದು ಗುಟುಕು ಕುಡಿದು ಮುಖ ಹಿಂಡಿದರು. ಚಹಾ ಇರಲಿಲ್ಲವಾ ಎಂದು ಕೇಳಿದರು. ಆಗ ನನಗೆ ಅಳು ಬಂತು. ಅದನ್ನೂ ನಾಟಕವೆಂದುಕೊಂಡಾರೆಂದು ಗೋಡೆಯ ಕಡೆ ತಿರುಗಿ ಅತ್ತೆ.

ಕಾಕಾ ಈಗ ಇಲ್ಲ. ಮರುವರ್ಷದ ಚಳಿಗಾಲದಲ್ಲಿ, ಸೂರತ್ತಿನ ಮಗಳ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಗುಂಪಿನಲ್ಲಿ ಅಳಿಯನ ದನಿಯಲ್ಲಿ ಬಂತು. ಸ್ಟ್ಯಾಂಡಿನ ಸಾಲು ಆ ದಿನ ಪೂರ್ತಿ ಖಾಲಿಯಿತ್ತು. ವಡೋದರಾದಿಂದ ಸೂರತ್ತಿನವರೆಗೆ ನಾವು ಆ್ಯಪು ಬಂದ್ ಮಾಡಿಕೊಂಡು ಸ್ಟ್ಯಾಂಡಿನವರ ಹಿಂದೆಯೇ ಹೋದೆವು. ಅಲ್ಲಿ ಮೂಲೆಯಲ್ಲಿ ನಿಂತು, ಯಾರಿಗೂ ಕೇಳದ ಹಾಗೆ, ಎರಡು ಸಲ ಕೆಮ್ಮಲು ನೋಡಿದೆ. ಬರಲಿಲ್ಲ. ಈಗಲೂ ಬರುವುದಿಲ್ಲ. ಎಲ್ಲರನ್ನೂ ಮಾಡುತ್ತೇನೆ, ಅಪ್ಪನನ್ನು, ಮೀಸೆಯವರನ್ನು, ಗಿರಾಕಿ ಹೆಂಗಸರನ್ನು, ನನ್ನನ್ನೇ; ಅವರೊಬ್ಬರನ್ನು ಬಿಟ್ಟು. ನಾನು ಇನ್ನೂ ಗಾಡಿ ಓಡಿಸುತ್ತಿರುವುದು, ಆ ಗುಂಪಿನಲ್ಲಿ ನನ್ನದೇ ಗಂಟಲಿನಿಂದ ಕೂಗಿದರೂ ಜನ ಹೊರಡುವುದು, ಎಲ್ಲ ಅವರ ದಯೆ. ಗುಂಪಿನಲ್ಲಿ ನನ್ನ ಜಾಗ ಉಳಿದದ್ದು ಹೀಗೆ.

ನೀರಿಳಿದ ಮೇಲೆ, ಕಾಕಾರ ಜ್ವರ ಬಿಟ್ಟ ದಿನ, ಕಿಟ್ಲಿಯ ಮುಂದೆ ಎಲ್ಲರೂ ಸೇರಿದರು. ನನ್ನನ್ನು ಗುಂಪಿನಿಂದ ತೆಗೆಯಬೇಕು ಎಂಬುದು ಮೀಸೆಯವರ ವಾದ. ಗುಂಪಿನಿಂದ ತೆಗೆದರೆಂದರೆ ರಸ್ತೆಯಲ್ಲಿ ನಾನು ಒಬ್ಬನೇ. ಮೂರು ಊರುಗಳ ಯಾವ ಗಾಡಿಯೂ ನನಗಾಗಿ ನಿಲ್ಲುವುದಿಲ್ಲ. ಹಲವರು ತಲೆಯಾಡಿಸುತ್ತಿದ್ದರು. ನಾನು ಚಹಾದ ಲೋಟ ಹಿಡಿದು ನೆಲ ನೋಡುತ್ತಿದ್ದೆ.

"ಅವತ್ತು ನಾನು ಇವನನ್ನು ನಂಬಿ ಹೋದದ್ದಲ್ಲ" ಎಂದರು ಮೀಸೆಯವರು. "ಊರು ಮುಳುಗುವಾಗ ಆಟ ಆಡ್ತಾನಲ್ಲ ಅಂತ, ಇವನಿಗೆ ಎರಡು ಬಾರಿಸ್ಲಿಕ್ಕೆ ಅಂತ ಹೋದದ್ದು! ನನಗೆ ಸಿಟ್ಟು ಬಾರದೇ ಇದ್ದಿದ್ರೆ ನಿಮ್ಮ ಗತಿ ಎಂತ ಕಾಕಾ? ಇನ್ನು ಮುಂದೆ ನಿಮ್ಮ ಸ್ವರ ಕೇಳಿದ್ರೆ ಅದು ನೀವೋ ಇವನೋ ಅಂತ ನಾವು ಗೊತ್ತು ಮಾಡುವುದು ಹೇಗೆ? ಅದಕ್ಕೆ ಉತ್ತರ ಹೇಳಿ, ಇವನನ್ನು ಇಟ್ಟುಕೊಳ್ಳುವ."

ಎಲ್ಲರೂ ಕಾಕಾರ ಕಡೆ ನೋಡಿದರು. ಶಾಲು ಹೊದ್ದು ಬೆಂಚಿನ ಮೇಲೆ ಕೂತಿದ್ದ ಅವರು ಇಡೀ ದೇಹವನ್ನು ನಿಧಾನಕ್ಕೆ ಮೀಸೆಯವರ ಕಡೆ ತಿರುಗಿಸಿದರು.

"ಗೊತ್ತು ಮಾಡುದು ಯಾಕೆ? ಅವನಾದ್ರೆ ಬಾರಿಸು, ನಾನಾದ್ರೆ ಎತ್ತು. ಹೇಗೂ ಬರ್ಲಿಕ್ಕೇ ಉಂಟಲ್ಲ!"